ಕೂಲರಿಗೆ ಬಿದ್ದ ಕರಡಿ

ಬಿಸಿ ಕಾವಲಿಯ ಮೇಲೆ ಅಂಗೈ ಇಟ್ಟು ಹೇಳುತ್ತೇನೆ, ಇದರಲ್ಲಿ ಒಂದು ಮಾತೂ ನಾನು ಕಟ್ಟಿದ್ದಲ್ಲ. ನನ್ನ ಗಂಡ ಜಯಾನಂದ ಕರೋಲ್‌ಬಾಗಿನ ಹೋಟೆಲಿನಲ್ಲಿ ಹನ್ನೊಂದು ವರ್ಷದಿಂದ ದೋಸೆ ಹೊಯ್ಯುವವರು. ಕಾವಲಿ ಎಷ್ಟು ಸುಡುತ್ತದೆ ಎಂದು ಗೊತ್ತಿದ್ದೇ ಆಣೆ ಹಾಕುತ್ತಿದ್ದೇನೆ. ನೀವು ಜನಕಪುರಿಗೆ ಹೊಸಬರು, ಮಗನನ್ನು ನಮ್ಮ ಶಿಶುವಿಹಾರಕ್ಕೆ ಸೇರಿಸಲು ಬಂದಿದ್ದೀರಿ. ಶಿಶುವಿಹಾರ ನಡೆಸುವ ಸುಶೀಲಮ್ಮನವರು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ, ಹೊರಗೆ ಬಿಸಿಗಾಳಿ, ಕೂಲರಿನ ಮುಂದೆ ಕುಳಿತು ಕೇಳಿ. ಆಯಾ ಉಮಾವತಿ ಸುಳ್ಳುಬುರುಕಿ ಎಂದು ಗೇಟಿನ ಹತ್ತಿರವೇ ಯಾರಾದರೂ ನಿಮಗೆ ಹೇಳಿರಬಹುದು. ಹೇಳಿದವರು ಸುಳ್ಳಾಡಿಲ್ಲ. ದಿಲ್ಲಿ ಸ್ಟೇಷನ್ನಿನಲ್ಲಿ ಒಬ್ಬ ಕೂಲಿ ನಮ್ಮ ಟ್ರಂಕನ್ನೂ, ಟ್ರಂಕಿನ ಮೇಲೆ ನನ್ನನ್ನೂ, ನನ್ನ ತೊಡೆಯ ಮೇಲೆ ಜಯಾನಂದರನ್ನೂ ಹೊತ್ತು ಮೂರು ಪ್ಲಾಟ್‌ಫಾರಂ ದಾಟಿಸಿದ ಎಂದು ಹೇಳಿಕೊಂಡು ತಿರುಗಿದವಳು ನಾನೇ. ನನ್ನ ಗಂಡ ಹೊಯ್ದ ಒಂದು ದೋಸೆ ಕಿಟಕಿಯಿಂದ ಹೊರಗೆ ಹರಿದು, ರಸ್ತೆ ದಾಟಿ, ಎದುರಿನ ಪೋಲೀಸಿನವನ ಬೂಟಿನ ಕೆಳಗೆ ಮುಗಿಯಿತು ಎಂದದ್ದೂ ನಾನೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬೇರೆ ಏನು ಆಸ್ತಿ ಇರುತ್ತದೆ, ಬಾಯಿ ಒಂದು. ಮಕ್ಕಳು ಬಾಯಿಗೇ ಅಲ್ಲವೇ ಬರುವುದು.

ಈ ವರ್ಷ, ಎಪ್ಪತ್ತಾರರಲ್ಲಿ, ಸರ್ಕಾರದವರಿಗೆ ಮಕ್ಕಳ ನೆನಪಾಗಿದೆ. ಮಕ್ಕಳನ್ನು ನೋಡಿಕೊಳ್ಳುವವರಿಗೆ ಹತ್ತು ದಿನದ ತರಬೇತಿ, ಕಡೆಗೆ ಸರ್ಟಿಫಿಕೇಟು. ಸರ್ಟಿಫಿಕೇಟು ಗೋಡೆಗೆ ಬೇಕು, ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂರುವುದು ಸುಶೀಲಮ್ಮನವರಿಗೆ ಆಗದು. "ಉಮಾ, ನೀನೇ ಹೋಗಿ ಬಾ. ಅಲ್ಲಿ ಹೋಗಿ ನಿನ್ನ ಪುರಾಣ ಬಿಚ್ಚಬೇಡ, ಸುಮ್ಮನೆ ಕೂತು ಎದ್ದು ಬಾ" ಎಂದರು. ಸುಮ್ಮನೆ ಕೂರುವವಳೇ ನಾನು? ಎರಡನೇ ದಿನಕ್ಕೆ ಮೂವತ್ತು ಹೆಂಗಸರೂ ನನ್ನ ಹರಕು ಹಿಂದಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಲಿಸುವವರು ಪ್ರಫುಲ್ಲಾ ಬೆಹನ್‌ಜೀ, ತೆಳ್ಳಗೆ, ಬಿಳಿ ಕಾಟನ್ ಸೀರೆ. ಅವರೂ ನಕ್ಕರು. ಹಾಲಿನ ಪುಡಿ ಕಲಸುವುದು, ಸೂಜಿ ಹಾಕಿಸುವುದು, ಭೇದಿಯಾದರೆ ಉಪ್ಪು ಸಕ್ಕರೆ ನೀರು. ಒಂಬತ್ತನೇ ದಿನ ಅವರು ಬಾಗಿಲು ಹಾಕಿ ಬರಲು ಹೇಳಿದರು. ಫ್ಯಾನಿನ ಒಂದು ರೆಕ್ಕೆ ಬಾಗಿತ್ತು, ಸುತ್ತಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಮಕ್ಕಳಿಗೆ ಕೆಡುಕು ಮಾಡುವವರು ಹೆಚ್ಚಾಗಿ ಗೋಡೆ ಹಾರಿ ಬರುವುದಿಲ್ಲ, ಮನೆಯವರು ನಮಸ್ಕಾರ ಮಾಡುವವರೇ ಇರುತ್ತಾರೆ ಎಂದರು. ಮಗುವಿನ ಹತ್ತಿರ ಅದಕ್ಕೆ ಮಾತಿರುವುದಿಲ್ಲ. ತನಗೆ ಗೊತ್ತಿರುವ ಮಾತಿನಲ್ಲೇ ಸುತ್ತಿ ಕೊಡುತ್ತದೆ, ಭೂತ ಎನ್ನುತ್ತದೆ, ಹೊಟ್ಟೆನೋವು ಎನ್ನುತ್ತದೆ. ಒಂದು ಸಲ ಕೊಡುತ್ತದೆ. ನೀವು ತೆಗೆದುಕೊಳ್ಳದಿದ್ದರೆ ವಾಪಸ್ ಇಟ್ಟುಕೊಳ್ಳುತ್ತದೆ. ಟಕ್, ಟಕ್. ಪಕ್ಕದಲ್ಲಿದ್ದ ಹೆಂಗಸು ನನ್ನ ತೊಡೆ ತಿವಿದು, ಇದಕ್ಕೊಂದು ಕಥೆ ಹೇಳು ಎಂದಳು. ನನ್ನ ಕೈಯಲ್ಲಿ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು.

ಯಾಕೆಂದರೆ ತರಬೇತಿಗೆ ಹೋಗುವ ಮುಂಚೆ ಒಂದು ದಿನ ಸ್ನೇಹಲತಾಳ ತಲೆ ಬಾಚುತ್ತಿದ್ದೆ. ಹನ್ನೊಂದೂವರೆಯ ಹೊತ್ತು, ಉಳಿದ ಮಕ್ಕಳು ಚಪ್ಪಲಿ ಹುಡುಕುತ್ತಿದ್ದರು. ಐದು ವರ್ಷದವಳು, ತೆಳು ಕೂದಲು, ಸಿಕ್ಕು ಬಿಡಿಸುವಾಗ ಬೇರೆಯವರ ಹಾಗೆ ಕಿರುಚುವವಳಲ್ಲ. ಅವಳ ತಾಯಿ ಲೀಲಾವತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ತಂದೆ ಯಾವುದೋ ಮಂತ್ರಾಲಯದಲ್ಲಿ ಗುಮಾಸ್ತ, ಈ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದಾರೆ. ಬೇರೆ ಮಕ್ಕಳನ್ನು ಹನ್ನೆರಡಕ್ಕೆ ಕರೆದುಕೊಂಡು ಹೋಗಲು ಯಾರಾದರೂ ಬರುತ್ತಾರೆ. ಇವಳು ಮಾತ್ರ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾಳೆ, ತಾಯಿ ಬರುವ ಐದೂವರೆಯವರೆಗೆ. ಮೇಲಿರುವವರು ದಕ್ಷಿಣಾಮೂರ್ತಿಗಳು. ಮನೆ ಅವರದು, ಶಿಶುವಿಹಾರಕ್ಕೆ ಈ ಕೆಳಗಿನ ಹಾಲ್ ಬಾಡಿಗೆಯಿಲ್ಲದೆ ಬಿಟ್ಟವರು, ಕೂಲರು ಕೊಟ್ಟವರು, ನಮ್ಮ ಕನ್ನಡ ಸಂಘದ ಅಧ್ಯಕ್ಷರು. ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು, ಹೆಂಡತಿ ತೀರಿಕೊಂಡು ಮೂರು ವರ್ಷ. ಅವರು ಕನ್ನಡ ಮಾತಾಡುವುದನ್ನು ಕೇಳಬೇಕು, ಒಂದು ಹಿಂದಿ ಕಲ್ಲಿಲ್ಲ, ಒಂದು ಇಂಗ್ಲಿಷು ಹೊಟ್ಟಿಲ್ಲ, ಆರಿಸಿದ ಅಕ್ಕಿ. ಇಲ್ಲಿ ನಮ್ಮವರಿಗೆಲ್ಲ ಒಂದೇ ಹೆದರಿಕೆ, ಮಕ್ಕಳು ಹಿಂದಿಯವರಾಗಿಬಿಡುತ್ತಾರೆ ಎಂದು. ಮಗು ಅಮ್ಮ ಎನ್ನುವ ಬದಲು ಮಮ್ಮೀ ಎಂದರೆ ತಾಯಂದಿರು ಜ್ವರ ಬಂದಂತೆ ಆಡುತ್ತಾರೆ. ಹಾಗಾಗಿ ಮಧ್ಯಾಹ್ನ ತಾತನ ಹತ್ತಿರ ಕುಳಿತು ಶುದ್ಧ ಕನ್ನಡ ಕಲಿಯುವುದೆಂದರೆ ಸ್ನೇಹಲತಾಳ ಭಾಗ್ಯ ಎಂದೇ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ಜಡೆಯ ಕೊನೆಗೆ ರಿಬ್ಬನ್ ಸುತ್ತುತ್ತಿದ್ದಾಗ ಅವಳು, ನನ್ನ ಕಡೆ ತಿರುಗದೆ, ಬೆರಳು ಮೇಲಕ್ಕೆ ತೋರಿಸಿ, "ಉಮಾ ಆಂಟೀ, ಊಪರ್ ಭಾಲೂ ಇದೆ" ಎಂದಳು.

"ಭಾಲೂ ಅಲ್ಲ ಚಿನ್ನ, ಕರಡಿ ಅನ್ನಬೇಕು" ಎಂದೆ ನಾನು. ನೋಡಿ, ನನ್ನ ಮೊದಲ ಮಾತು ಅದು.

"ಕರಡಿ. ಧೂಪ್ ಇದ್ದಾಗ ಬರ್ತಾನೆ. ಬಾಗಿಲು ಹಾಕ್ತಾನೆ. ಚುಪ್ ಅಂತಾನೆ."

ಇಷ್ಟೇ. ಇದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಧೂಪ್ ಎಂದರೆ ಬಿಸಿಲು. ನನಗೋ, ಕರಡಿ ಎಂದರೆ ಸಾಕು, ನಾಲಿಗೆಗೆ ಗಾಲಿ ಬಂತು. ಅಯ್ಯೋ ಆ ಕರಡಿಯಾ, ಅದಕ್ಕೆ ಈ ಜನಕಪುರಿ ಬಿಸಿಲು ತಡೆಯುವುದಿಲ್ಲ ಮಗಾ, ಮೈಮೇಲೆ ಕಂಬಳಿ ಹೊದ್ದ ಹಾಗೆ ಕೂದಲು, ಅದಕ್ಕೇ ಬಾಗಿಲು ಹಾಕಿಕೊಳ್ಳುತ್ತದೆ, ಮೊನ್ನೆ ಸೆಕೆ ತಡೆಯದೆ ಕೂಲರಿನೊಳಗೆ ಹಾರಿ ಬಿತ್ತು, ನೀರೆಲ್ಲ ಕುಡಿದು ಹೊಟ್ಟೆ ಡೋಲಾಯಿತು, ನಮ್ಮ ಜಯಾನಂದಣ್ಣ ನಲವತ್ತು ಇಡ್ಲಿ ತೋರಿಸಿ ಹೊರಗೆ ಎಳೆದರು. ಚಪ್ಪಲಿ ಹುಡುಕುತ್ತಿದ್ದ ಮಕ್ಕಳೆಲ್ಲ ಓಡಿ ಬಂದವು. ಕುಣಿದವು. ಸ್ನೇಹಲತಾ ಕೂಡ ನಕ್ಕಳು. ಹೌದು, ನಕ್ಕಳು, ಅದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೆ, ನಕ್ಕಳಲ್ಲ ಎಂದು. ಎಲ್ಲ ಮಕ್ಕಳೂ ನಕ್ಕ ಮೇಲೆ, ಅವರ ಮುಖಗಳನ್ನು ಒಂದೊಂದಾಗಿ ನೋಡಿ, ಆಮೇಲೆ ನಕ್ಕಳು. ಗಡಿಯಾರ ಹನ್ನೆರಡು ಹೊಡೆಯಿತು, ನಾನೇ ಅವಳ ಬೆನ್ನು ತಟ್ಟಿ ಮೆಟ್ಟಿಲು ಹತ್ತಿಸಿದೆ.

ಆಮೇಲೆ ಎರಡು ವಾರ ಕರಡಿಯದೇ ರಾಜ್ಯ. ದಿನಾ ಒಂದು ಬಾಲ ಸೇರಿಸಿದೆ. ಕರಡಿ ಬಸ್ಸಿನ ಕಿಟಕಿಯಲ್ಲಿ ಸಿಕ್ಕಿಕೊಂಡಿತು, ಕರಡಿ ಕ್ಷೌರಕ್ಕೆ ಹೋಯಿತು. ಒಂದು ದಿನ ಸ್ನೇಹಲತಾಳಿಗೇ ಕಪ್ಪು ಟವೆಲ್ಲು ಹೊದಿಸಿ, ನೀನೇ ಕರಡಿಯಾಗು ಎಂದೆ. ಅವಳು ಮೇಜಿನ ಕೆಳಗೆ ಹೋಗಿ ಕುಳಿತಳು, ನೆಲ ಒದ್ದೆಯಾಯಿತು. ಇಷ್ಟು ದೊಡ್ಡವಳಾಗಿ ನಾಚಿಕೆಯಾಗುವುದಿಲ್ಲವಾ ಎಂದು ಬೈದೆ. ಉಳಿದ ಮಕ್ಕಳು ಛೀ ಛೀ ಎಂದವು. ನಾನು ನೆಲ ಒರೆಸುತ್ತಿದ್ದಾಗ ಮೆಟ್ಟಿಲ ಮೇಲೆ ನೆರಳು ಬಿತ್ತು, ದಕ್ಷಿಣಾಮೂರ್ತಿಗಳು ಇಳಿದು ಬಂದರು, ಬಿಳಿ ಜುಬ್ಬ, ಕೈಯಲ್ಲಿ ಬೀಸಣಿಗೆ. "ಉಮಾವತಿಯವರೇ, ತಮ್ಮ ಕರಡಿಯ ಕಥೆ ಮೇಲಿನವರೆಗೂ ಕೇಳಿಸುತ್ತದೆ. ಬಹಳ ಸೊಗಸು. ನಿಲ್ಲಿಸಬೇಡಿ" ಎಂದು ನಕ್ಕರು. ಅಷ್ಟು ದೊಡ್ಡವರು ನನಗೆ ತಾವು ಎಂದರಲ್ಲ, ಆ ದಿನ ಸಂಜೆ ನಾನು ಮನೆಗೆ ನಡೆದುಕೊಂಡು ಹೋಗಲಿಲ್ಲ, ಹಾರಿಕೊಂಡು ಹೋದೆ. ಜಯಾನಂದರಿಗೆ ಎರಡು ಸಲ ಹೇಳಿದೆ. ನಿಲ್ಲಿಸಬೇಡಿ ಎಂದರು, ನಿಲ್ಲಿಸಬೇಡಿ ಎಂದರು.

ಫ್ಯಾನು ಟಕ್ ಎನ್ನುತ್ತಿತ್ತು. ಒಂಬತ್ತನೇ ದಿನದ ಕ್ಲಾಸು ಬಿಟ್ಟಿತ್ತು, ಹೆಂಗಸರೆಲ್ಲ ಟಿಫನ್ ಡಬ್ಬಿ ಎತ್ತಿಕೊಂಡು ಹೋಗಿದ್ದರು, ನಾನು ಮಾತ್ರ ಬೆಂಚಿಗೆ ಅಂಟಿಕೊಂಡಿದ್ದೆ. ಪ್ರಫುಲ್ಲಾ ಬೆಹನ್‌ಜೀ ಹತ್ತಿರ ಬಂದು ಕುಳಿತರು. ಎಲ್ಲ ಹೇಳಿದೆ, ಒಂದು ಬಾಲವನ್ನೂ ಸೇರಿಸದೆ ಹೇಳಿದ್ದು ಬದುಕಿನಲ್ಲಿ ಅದೇ ಮೊದಲು. ಅಳಬೇಡಿ ಎಂದು ಅವರು ಹೇಳಲಿಲ್ಲ. "ಅಚ್ಛಾ" ಎಂದರು. ಆಮೇಲೆ ಒಂದು ಹಾಳೆ ಕೊಟ್ಟರು. ಮಗು ತಾನಾಗಿ ಮತ್ತೆ ಹೇಳಿದರೆ ಅವಳ ಮಾತಿನಲ್ಲೇ ಬರೆಯಿರಿ, ಯಾವ ಭಾಷೆಯಾದರೂ ಸರಿ, ತಾರೀಕು ಹಾಕಿ. ಬಾಯಿಂದ ಎಳೆಯಬೇಡಿ. ಅವಳ ಬಾಯಿಂದಲೇ ಕೇಳಿದ ಇನ್ನೊಬ್ಬರ ಸಹಿ ಬೇಕು. ಕಾಗದ ಕೈಗೆ ಬಂದ ದಿನ ನಾನೇ ದೊಡ್ಡ ಡಾಕ್ಟರನ್ನೂ ಆಫೀಸಿನವರನ್ನೂ ಕರೆದುಕೊಂಡು ಬರುತ್ತೇನೆ. ನಿಮ್ಮದೊಂದೇ ಹೆಸರಿದ್ದರೆ, ಆಯಾ ಏನೋ ಕಟ್ಟಿದಳು ಎಂದು ಹರಿದು ಹಾಕುತ್ತಾರೆ ಎಂದರು. ನಾನು ಸುಳ್ಳುಬುರುಕಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ನನ್ನ ಕಿವಿ ಬಿಸಿಯಾಯಿತು.

ಮಾರನೇ ವಾರ ಅವಳ ಪಕ್ಕ ಕುಳಿತು ಮೆಲ್ಲಗೆ, ಚಿನ್ನ, ಆ ಕರಡಿ ಏನಾಯಿತು ಎಂದೆ. ಕೇಳಬಾರದಿತ್ತು, ಕೇಳಿಬಿಟ್ಟೆ. ಅವಳು ಪಾಠ ಒಪ್ಪಿಸಿದ ಹಾಗೆ, "ಕರಡಿ ಕೂಲರಿಗೆ ಬಿತ್ತು, ನೀರು ಕುಡೀತು, ಜಯಾನಂದಣ್ಣ ಇಡ್ಲಿ ಕೊಟ್ಟರು" ಎಂದಳು, ಚಪ್ಪಾಳೆ ತಟ್ಟಿ ನನ್ನ ಮುಖ ನೋಡಿದಳು, ಸರಿಯಾಯಿತಾ ಎನ್ನುವ ಹಾಗೆ. ಅವಳು ನನ್ನ ಕೈಗೆ ಕೊಟ್ಟದ್ದನ್ನು ನಾನು ತಿಂದು ಮುಗಿಸಿದ್ದೆ, ಅದರ ಜಾಗದಲ್ಲಿ ನನ್ನದನ್ನು ತುರುಕಿದ್ದೆ. ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ. ಅವಳು ಎದ್ದು ಚಪ್ಪಲಿ ಹಾಕಿಕೊಳ್ಳತೊಡಗಿದಳು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಆಗ ನನಗೆ ಬರುವುದು ಒಂದೇ ವಿದ್ಯೆ, ಅದನ್ನೇ ಮಾಡಿದೆ. ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದೆ, ಸ್ವಾಮೀ, ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಉಂಟು, ಸ್ನೇಹಲತಾಳದ್ದೇ ದೊಡ್ಡ ಪಾರ್ಟು, ಇವತ್ತಿನಿಂದ ದಿನಾ ಐದೂವರೆವರೆಗೆ ರಿಹರ್ಸಲ್ಲು! ನಾಟಕವೂ ಇಲ್ಲ, ಪಾರ್ಟೂ ಇಲ್ಲ. ಮೇಲಿನಿಂದ, "ಕನ್ನಡದ ಕೆಲಸ. ಆಗಲಿ" ಎಂಬ ಧ್ವನಿ ಬಂತು. ಬಾಗಿಲು ಮುಚ್ಚಿದ ಸದ್ದು.

ಅವಳಿಗೆ ಮರದ ಪಾರ್ಟು ಕೊಟ್ಟೆ. ಮರ ಮಾತಾಡಬೇಕಾಗಿಲ್ಲ. ಎರಡು ವಾರ ಮಧ್ಯಾಹ್ನವೆಲ್ಲ ನಾನು ಇಲ್ಲಿ ಬೇಳೆ ಆರಿಸುವುದು, ಅವಳು ಆ ಮೇಜಿನ ಪಕ್ಕ ಮರವಾಗಿ ನಿಲ್ಲುವುದು, ಕಾಲು ಸೋತರೆ ಕೂರುವುದು. ಬಾಯಿ ಮುಚ್ಚಿಕೊಂಡಿರುವುದು ಏನೆಂದು ನನಗೆ ಆಗ ಗೊತ್ತಾಯಿತು. ನಾಲಿಗೆ ಹಲ್ಲಿನ ಹಿಂದೆ ಕಟ್ಟಿದ ಕರುವಿನ ಹಾಗೆ ಎಳೆಯುತ್ತದೆ. ಒಂದು ಕಥೆ, ಒಂದು ಇಲಿ, ಒಂದು ಕಾಗೆ ಎಂದು ಬೇಡುತ್ತದೆ. ಬಿಡಲಿಲ್ಲ. ಮೊನ್ನೆ ಮಂಗಳವಾರ ಆಂಧಿ, ಧೂಳುಗಾಳಿ, ಎದ್ದು ಕಿಟಕಿಯೆಲ್ಲ ಕೆಂಪು ಧೂಳಾಗಿತ್ತು, ಕರೆಂಟು ಹೋಗಿ ಕೂಲರು ನಿಂತಿತು, ಮನೆಯಲ್ಲಿ ಒಂದು ಸದ್ದಿಲ್ಲ. ಮರ ಮಾತಾಡಿತು.

"ಆಂಟೀ, ಭಾಲೂ ಇಡ್ಲಿ ನಹೀಂ ಖಾತಾ."

ಕರಡಿ ಇಡ್ಲಿ ತಿನ್ನುವುದಿಲ್ಲವಂತೆ. ನಾನು ಬೇಳೆಯ ಮೊರ ಹಿಡಿದುಕೊಂಡೇ ಕುಳಿತೆ.

"ಆಪ್ ಝೂಠ್ ಬೋಲ್ತೇ ಹೋ. ಭಾಲೂ ಕೂಲರಿಗೆ ಬೀಳಲ್ಲ. ಭಾಲೂ ತಾತ ಆಗ್ತಾನೆ."

ಭಾಲೂ ಅಲ್ಲ ಕರಡಿ ಎಂದು ಈ ಸಲ ನಾನು ಅನ್ನಲಿಲ್ಲ. ನೀವು ಸುಳ್ಳು ಹೇಳುತ್ತೀರಿ ಎಂದದ್ದನ್ನೂ ಅಲ್ಲಗಳೆಯಲಿಲ್ಲ. ಅವಳು ಹೇಳಿದಳು, ನಿಲ್ಲಿಸಿ ನಿಲ್ಲಿಸಿ, ನೆಲದ ಮೇಲಿನ ಧೂಳಿನಲ್ಲಿ ಬೆರಳಿನಿಂದ ಗೀಚುತ್ತಾ. ಅದನ್ನು ನಿಮಗೆ ಹೇಳುವುದಿಲ್ಲ. ಅದು ಅವಳದ್ದು, ಹೇಳಿದರೆ ಅವಳೇ ಹೇಳಬೇಕು. ನಾನು ಬರೆದದ್ದು ಆರು ಸಾಲು, ಮೂರನೇ ಕ್ಲಾಸಿನ ಅಕ್ಷರ, ಅರ್ಧ ಹಿಂದಿ ಅರ್ಧ ಕನ್ನಡ, ಅವಳು ಹೇಳಿದ ಹಾಗೇ. ಬರೆದು ಮುಗಿಸುವಷ್ಟರಲ್ಲಿ ಅವಳು ಎದ್ದು ಮತ್ತೆ ಮರವಾಗಿದ್ದಳು.

ಜಯಾನಂದರು ಕಾಗದ ಓದಿದರು. ಅವರು ಮಾಮೂಲಾಗಿ "ಎಂತ ಮಾರಾಯ್ತಿ ನಿನ್ನ ಕಥೆ" ಎಂದು ಬೈಯುವವರು, ಅವತ್ತು ಬೈಯಲಿಲ್ಲ. "ಇದು ನೀನು ಕಟ್ಟಿದ್ದಲ್ಲ. ನೀನು ಕಟ್ಟಿದ್ದಾದರೆ ಇಷ್ಟು ಚಿಕ್ಕದಾಗಿ ಇರ್ತಿರಲಿಲ್ಲ" ಎಂದರು. ಸಹಿ ಹಾಕಲು ಹೊರಟರು. ನೀವು ಅವಳ ಬಾಯಿಂದ ಕೇಳಿಲ್ಲವಲ್ಲ ಎಂದೆ. ಗಂಡನ ಸಹಿ ಯಾರು ಕೇಳುತ್ತಾರೆ, ಅದು ಬೇರೆ.

ಸುಶೀಲಮ್ಮನವರು ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳಲಿಲ್ಲ. "ಉಮಾ, ಈ ಹಾಲ್ ಅವರದ್ದು ಕಣೆ."

"ಗೊತ್ತು ಅಮ್ಮ."

"ಇಪ್ಪತ್ತೆರಡು ಮಕ್ಕಳು. ನಾಳೆ ಬೀಗ ಹಾಕಿದರೆ ಅವರ ತಾಯಂದಿರು ಎಲ್ಲಿಗೆ ಹೋಗಬೇಕು? ನಿನ್ನ ಕಥೇನ ನಂಬಿಕೊಂಡು..."

"ಒಂದು ಮಧ್ಯಾಹ್ನ ನೀವೂ ಇಲ್ಲಿ ಕೂತು ನೋಡಿ ಅಮ್ಮ. ನಾನು ಬಾಯಿ ಬಿಡೋದಿಲ್ಲ."

"ನಿನಗೆ ಸರ್ಟಿಫಿಕೇಟು ತಗೊಂಡು ಬಾ ಅಂದ್ರೆ, ಇದನ್ನ ತಗೊಂಡು ಬಂದಿದೀಯ" ಎಂದರು. ಕಾಗದವನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು. ನಂಬದವರಾದರೆ ಹರಿದು ಹಾಕುತ್ತಿದ್ದರು.

ಲೀಲಾವತಿಯನ್ನು ನಿನ್ನೆ ಸಂಜೆ ಗೇಟಿನಲ್ಲಿ ಹಿಡಿದೆ. ಕೈಯಲ್ಲಿ ತರಕಾರಿ ಚೀಲ, ಕಿವಿಯ ಮೇಲೆ ದಿನವಿಡೀ ಹೆಡ್‌ಫೋನು ಒತ್ತಿದ ಗುರುತು. ಓದುತ್ತಾ ಓದುತ್ತಾ ಅವಳ ಮುಖದಲ್ಲಿ ಏನೋ ಬಂತು. "ನನಗೂ ಹೇಳಿದ್ದಳು, ಯುಗಾದಿಗೆ ಮುಂಚೆ. ಊಪರ್ ಭಾಲೂ ಅಂತ. ಭಾಲೂ ಅನ್ನಬಾರದು, ಕರಡಿ ಅನ್ನಬೇಕು, ತಾತ ಕೇಳಿದರೆ ಏನಂದುಕೊಳ್ತಾರೆ ಅಂತ ನಾನೇ..." ಅಲ್ಲಿಗೆ ನಿಂತಳು. ಯುಗಾದಿಗೆ ಮುಂಚೆ ನನ್ನ ಕರಡಿ ಹುಟ್ಟಿಯೇ ಇರಲಿಲ್ಲ. ಇಬ್ಬರಿಗೂ ಅದು ಒಂದೇ ಕ್ಷಣದಲ್ಲಿ ತಿಳಿಯಿತು, ಅವಳ ಕಣ್ಣಿನಲ್ಲಿ ನೋಡಿದೆ. ನಾವಿಬ್ಬರೂ ಆ ಮಗುವಿಗೆ ಕನ್ನಡ ತಿದ್ದಿದ್ದೆವು. ನಾನು ಪೆನ್ನು ಚಾಚಿದೆ. ಆ ಹೊತ್ತಿಗೆ ಮೇಲಿನ ಮನೆಯ ದೀಪ ಹತ್ತಿತು. ಅವಳು ಚೀಲವನ್ನು ಎದೆಗೆ ಅವುಚಿಕೊಂಡು, "ಇದು ನೀನು ಹೇಳಿಕೊಟ್ಟ ಕಥೆ ಉಮಾವತಿ. ಮಕ್ಕಳಿಗೆಲ್ಲ ಬಾಯಿಪಾಠ ಆಗಿದೆ" ಎಂದಳು, ಯಾರಿಗೋ ಕೇಳಿಸುವ ಹಾಗೆ ಗಟ್ಟಿಯಾಗಿ. ಆಮೇಲೆ ಪಿಸುಮಾತಿನಲ್ಲಿ, "ಮುಂದಿನ ವರ್ಷ ನಮ್ಮ ಹೆಸರು ಸರ್ಕಾರಿ ಕ್ವಾರ್ಟರ್ಸ್ ಲಿಸ್ಟಿಗೆ ಬರುತ್ತೆ. ಈಗ ಬಿಡು ಅಂದ್ರೆ ಈ ದುಡ್ಡಿಗೆ ಎಲ್ಲಿ ಮನೆ ಸಿಗುತ್ತೆ? ಅಲ್ಲೀತನಕ..."

"ಅಲ್ಲೀತನಕ ಏನಮ್ಮ?"

ಒಂದು ಟೊಮೇಟೊ ಚೀಲದಿಂದ ಉರುಳಿ ಮೋರಿಯ ಹತ್ತಿರ ಹೋಯಿತು, ಅವಳು ಅದನ್ನು ಎತ್ತಲೂ ಬಗ್ಗಲಿಲ್ಲ. ಅವಳ ಮೇಲೆ ಸಿಟ್ಟು ಮಾಡಬೇಕೆಂದು ಆ ರಾತ್ರಿಯೆಲ್ಲ ಪ್ರಯತ್ನ ಪಟ್ಟೆ, ಆಗಲಿಲ್ಲ. ಮೆಟ್ಟಿಲು ಹತ್ತಿಸಿದ ಕೈ ನನ್ನದು.

ಇವತ್ತು ಶುಕ್ರವಾರ. ನಾಡಿದ್ದು ಭಾನುವಾರ ವಾರ್ಷಿಕೋತ್ಸವ. ಕರಪತ್ರದಲ್ಲಿ ನನ್ನ ನಾಟಕದ ಹೆಸರು ಅಚ್ಚಾಗಿದೆ, ಅಧ್ಯಕ್ಷರೇ ಹಾಕಿಸಿದ್ದಾರೆ. ಬೇರೆ ಪಾತ್ರವಿಲ್ಲ, ಮಾತಿಲ್ಲ, ಒಂದು ಮರ ಮಾತ್ರ ಉಂಟು. ಜನ ನಗುತ್ತಾರೆ, ನಗಲಿ, ನನಗೆ ಅಭ್ಯಾಸ. ಆದರೆ ಭಾನುವಾರ ಮುಗಿದರೆ ಸೋಮವಾರ ಬರುತ್ತದೆ. ಸೋಮವಾರ ರಿಹರ್ಸಲ್ ಇಲ್ಲ. ಇವತ್ತು ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ ನಿಂತು ನನಗೆ, "ಉಮಾವತಿಯವರೇ, ಮುಂದಿನ ವಾರದಿಂದ ಮಗುವಿನ ಪಾಠ ಎಂದಿನಂತೆ" ಎಂದರು. ಸ್ನೇಹಲತಾ ನನ್ನ ಸೆರಗಿನ ಹಿಂದೆ ಇದ್ದಳು. ಸೆರಗು ಒದ್ದೆಯಾಯಿತು.

ಅಗೋ, ಮಕ್ಕಳು ಚಪ್ಪಲಿ ಹುಡುಕುತ್ತಿವೆ, ಹನ್ನೆರಡಾಗುತ್ತಾ ಬಂತು. ನೀವೂ ಆಫೀಸಿಗೆ ಹೋಗುವವರಂತೆ. ಒಳಗೆ ಬರುವಾಗ ಮೆಟ್ಟಿಲ ಹತ್ತಿರ ದಕ್ಷಿಣಾಮೂರ್ತಿಗಳು ನಿಮ್ಮನ್ನು ನಿಲ್ಲಿಸಿ, ಮಧ್ಯಾಹ್ನ ಹುಡುಗನನ್ನು ನನ್ನಲ್ಲಿ ಬಿಡಿ ತಾಯಿ, ಕನ್ನಡ ಕಲಿಸುತ್ತೇನೆ ಎಂದರಲ್ಲ, ಕಸ ಗುಡಿಸುತ್ತಾ ಕೇಳಿಸಿಕೊಂಡೆ. ನೀವು ಕೈಮುಗಿದಿರಿ. ನನ್ನನ್ನು ನಂಬಿ ಎಂದು ನಾನು ಹೇಳುವುದೇ ಇಲ್ಲ, ನಂಬಿದರೆ ನೀವೇ ಪೆದ್ದರು. ಆ ಮೇಜಿನ ಪಕ್ಕ ಚಾಪೆ ಹಾಸಿದ್ದೇನೆ. ಐದೂವರೆವರೆಗೆ ಸುಮ್ಮನೆ ಕುಳಿತುಕೊಳ್ಳಿ. ಸ್ನೇಹಲತಾಳನ್ನು ಏನೂ ಕೇಳಬೇಡಿ, ಅವಳ ಭಾಷೆ ತಿದ್ದಬೇಡಿ, ಈ ಬೇಳೆ ಆರಿಸಿ. ಅವಳು ಇವತ್ತು ಮಾತಾಡದಿದ್ದರೆ ನಾಳೆ ಬನ್ನಿ. ಮಾತಾಡಿದರೆ ಪೆನ್ನು ಇಗೋ, ಕಾಗದದಲ್ಲಿ ನನ್ನ ಹೆಸರಿನ ಕೆಳಗೆ ಜಾಗ ಉಂಟು, ಪೂರ್ತಿ ಹೆಸರು ಬರೆಯಿರಿ. ಆಫೀಸಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೀರಾ? ಎದುರು ಅಂಗಡಿಯಲ್ಲಿ ಫೋನು ಉಂಟು, ನಂಬರು ಕೊಡಿ. ಸುಳ್ಳು ಹೇಳುವ ಕೆಲಸ ನನಗೆ ಬಿಡಿ.